ಕೂರಿಸುವ ಗೊಂಬೆ, ನಡೆಸುವ ಗೊಂಬೆ

ವಿಜಯದಶಮಿಯ ಮರುದಿನ, ಚಾಮರಾಜಪೇಟೆಯ ಹಳೆಯ ಮನೆಯೊಂದರ ನಡುಮನೆ. ಒಂಬತ್ತು ದಿನ ಏಳು ಮೆಟ್ಟಿಲ ಮೇಲೆ ಕೂತಿದ್ದ ಗೊಂಬೆಗಳನ್ನು ಇಳಿಸಿ ಟ್ರಂಕಿಗೆ ತುಂಬುವ ಕೆಲಸ. ಇಬ್ಬರಲ್ಲಿ ಒಬ್ಬರು ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದ ಹಿರಿಯರು. ಇನ್ನೊಬ್ಬಳು ಅವರ ತಂಗಿಯ ಮಗಳು. ಊರಾಚೆಯ ವಸತಿಶಾಲೆಯೊಂದರಲ್ಲಿ ಇತಿಹಾಸ ಹೇಳಿಕೊಡುತ್ತಾಳೆ, ಹಾಸ್ಟೆಲಿನ ಉಸ್ತುವಾರಿಯೂ ಅವಳದೇ.

— ಆ ಆನೇನ ಸೊಂಡಿಲು ಹಿಡಿದು ಎತ್ತಬೇಡ್ವೇ. ಒಂದು ಸಲ ಮುರಿದು ಅಂಟಿಸಿದ್ದು. ಹೊಟ್ಟೆ ಕೆಳಗೆ ಕೈ ಕೊಡು.

— ಕೊಟ್ಟೆ ಮಾಮ. ಮಾಮ, ಒಂದು ಕೇಳ್ಬೇಕು. ಮೂರನೇ ಮೆಟ್ಟಿಲ ಮೇಲೆ ಸೀಸದ ಸಿಪಾಯಿಗಳಿದಾರಲ್ಲ, ಅವರನ್ನ ನಾನು ಶಾಲೆಗೆ ತಗೊಂಡು ಹೋಗ್ಲಾ?

— ಯಾಕೆ, ಅಲ್ಲೂ ಗೊಂಬೆ ಕೂರಿಸ್ತೀರಾ?

— ಕೂರಿಸಲ್ಲ. ನಡೆಸ್ತೀವಿ.

— ಹಾಗಂದ್ರೆ?

— ಶನಿವಾರ ಸಂಜೆ ಹಾಸ್ಟೆಲಲ್ಲಿ ಒಂದು ಕ್ಲಬ್ ಶುರು ಮಾಡಿದೀವಿ. ಟೇಬಲ್ ಟೆನಿಸ್ ಮೇಜಿನ ನೆಟ್ ಬಿಚ್ಚಿ ಮೇಲೆ ಹಸಿರು ಬಟ್ಟೆ ಹಾಸ್ತೀವಿ. ಥರ್ಮಾಕೋಲಿನ ಗುಡ್ಡ, ತೆಂಗಿನ ನಾರಿನ ಬೇಲಿ, ಹಲಗೆ ಕೊಯ್ದ ಪುಡೀಗೆ ಬಣ್ಣ ಹಾಕಿ ಹುಲ್ಲು. ಎರಡೂ ಕಡೆ ಪುಟಾಣಿ ಸೈನ್ಯ. ಕಾಲಾಳು ಒಂದು ಸರದಿಗೆ 6 ಇಂಚು, ಕುದುರೆ 12 ಇಂಚು, ಫಿರಂಗಿ 3 ಇಂಚು. ದರ್ಜಿ ಟೇಪು ಹಿಡಿದು ಅಳೆದೇ ಮುಂದೆ ಇಡಬೇಕು. ವಾರ್‌ಗೇಮ್ ಅಂತಾರೆ ಇದನ್ನ.

— ದರ್ಜಿ ಟೇಪು ಎಳೆದರೆ ಹಿಗ್ಗುತ್ತೆ. ಸ್ಟೀಲ್ ಟೇಪು ತಗೊಳ್ಳಿ. ಸೀಸದ ಸಿಪಾಯಿ ಮಾತ್ರ ಕೊಡಲ್ಲ.

— ಅತ್ತೆಯ ನೆನಪಿಗೆ ಇಟ್ಟುಕೊಂಡಿದೀರಾ?

— ನೆನಪೂ ಸರಿ. ಅದಕ್ಕಿಂತ ಹೆಚ್ಚಾಗಿ, ಸೀಸ ಕಣೇ ಅದು. ಮಕ್ಕಳು ಗೊಂಬೆ ಮುಟ್ಟಿದ ಕೈಯಲ್ಲೇ ಕೋಡುಬಳೆ ತಿಂತಾರೆ. ನಿಮ್ಮತ್ತೆಯ ಅಪ್ಪ ದಂಡಿನ ಕಡೆ ಯಾರೋ ಇಂಗ್ಲಿಷ್ ಸಂಸಾರ ಊರು ಬಿಟ್ಟು ಹೋಗೋವಾಗ ಹರಾಜಲ್ಲಿ ತಂದದ್ದಂತೆ. ಇಲ್ನೋಡು, ಇವನ ತಲೆ ಮುರಿದು ಹೋಗಿತ್ತು, ಬೆಂಕಿಕಡ್ಡಿ ಸಿಕ್ಕಿಸಿ ಕೂರಿಸಿದೀನಿ. ಒಳಗೆ ಟೊಳ್ಳು. ತಲೆ ಕಿತ್ತ ಮೇಲೇ ಗೊತ್ತಾಗಿದ್ದು ನನಗೆ.

— ಬ್ರಿಟನ್ ಅನ್ನೋ ಲಂಡನ್ನಿನ ಕಂಪನಿ 1893ರಲ್ಲಿ ಹೀಗೆ ಟೊಳ್ಳು ಎರಕ ಶುರು ಮಾಡಿದ್ದು. ಕಾದ ಸೀಸ ಅಚ್ಚಿಗೆ ಹುಯ್ದು, ಹೊರಗಡೆ ಗಟ್ಟಿ ಆಗೋಷ್ಟರಲ್ಲಿ ಒಳಗಿನದನ್ನ ವಾಪಸ್ ಸುರಿದುಬಿಡೋದು. ಸೀಸ ಉಳೀತು, ಬೆಲೆ ಇಳೀತು, ಸಾಧಾರಣ ಮನೆ ಹುಡುಗರ ಕೈಗೂ ಸೈನ್ಯ ಬಂತು. ಟೈಮ್ ಮಷೀನ್ ಬರೆದ ಎಚ್.ಜಿ. ವೆಲ್ಸ್ ಇದೇ ಸಿಪಾಯಿಗಳನ್ನ ನೆಲದ ಮೇಲೆ ಹರಡಿಕೊಂಡು ಆಡ್ತಿದ್ದ. ಆಟಿಕೆ ಫಿರಂಗಿಯಿಂದ ಮರದ ಕಡ್ಡಿ ಹಾರಿಸಿ ಬೀಳಿಸೋದು. 1913ರಲ್ಲಿ ಅದಕ್ಕೆ ನಿಯಮದ ಪುಸ್ತಕಾನೂ ಬರೆದ, ಲಿಟ್ಲ್ ವಾರ್ಸ್ ಅಂತ. ಯುದ್ಧ ಮಾಡೋ ಆಸೆ ಇದ್ದರೆ ಹೀಗೆ ಮೇಜಿನ ಮೇಲೆ ತೀರಿಸ್ಕೊಳ್ಳಿ ಅನ್ನೋದು ಅವನ ವಾದ.

— 1913ರಲ್ಲಿ. ಮುಂದಿನ ವರ್ಷವೇ ನಿಜವಾದದ್ದು ಶುರುವಾಯ್ತಲ್ಲ.

— ಹೌದು. ಕೇಳಿಸ್ಕೊಳ್ಳಬೇಕಾದವರು ಕೇಳಿಸ್ಕೊಳ್ಳಲಿಲ್ಲ. ಅವರು ಓದಿದ್ದು ಬೇರೆ ಪುಸ್ತಕ. ಪ್ರಷ್ಯಾದಲ್ಲಿ ರೈಸ್‌ವಿಟ್ಸ್ ಅಂತ ಒಬ್ಬ 1812ರಲ್ಲೇ ರಾಜನಿಗೆ ಖಾನೆಗಳಿರೋ ಮೇಜು ಮಾಡಿಕೊಟ್ಟಿದ್ದ. ಖಾನೆ ಒಳಗೆ ಹೊಳೆ, ಗುಡ್ಡ, ಊರಿನ ಬಿಲ್ಲೆಗಳು. ಅವನ ಮಗ ಸೇನೆಯಲ್ಲಿ ಅಧಿಕಾರಿ. 1824ರಲ್ಲಿ ಅದನ್ನ ನಕ್ಷೆ ಮೇಲೆ ಆಡೋ ಹಾಗೆ ತಿದ್ದಿ ಅಚ್ಚು ಹಾಕಿಸಿದ. ಅಲ್ಲಿನ ಅಧಿಕಾರಿಗಳಿಗೆ ಅದು ಆಟ ಅಲ್ಲ, ಪಾಠ.

— ನಕ್ಷೆ ಮೇಲೆ ಅಂದ್ಯಾ. ಹಾಗಾದ್ರೆ ತಿಳಿದವನೇ ಅವನು. ಆದ್ರೆ ಮಗು, ನಮ್ಮಲ್ಲಿ ಚದುರಂಗ ಇರೋವಾಗ ಇಷ್ಟೆಲ್ಲ ಯಾಕೆ? ಆನೆ, ಕುದುರೆ, ಕಾಲಾಳು, ಮಂತ್ರಿ, ಎಲ್ಲ ಇದೆ. ಸೀಸ ಬೇಡ, ಥರ್ಮಾಕೋಲು ಬೇಡ.

— ಚದುರಂಗದಲ್ಲಿ ಮಳೆ ಬರಲ್ಲ ಮಾಮ. ಕುದುರೆಗೆ ಹಸಿವಾಗಲ್ಲ. ಮದ್ದು ನೆನೆದು ಹೋಗಲ್ಲ.

— ಅದೇ ಅದರ ಹೆಚ್ಚುಗಾರಿಕೆ ಅಂತಾನೂ ಹೇಳಬಹುದು. ಮೈಸೂರಿನ ಜಗನ್ಮೋಹನ ಅರಮನೇಲಿ ಗೋಡೆ ಮೇಲೆ ಆಟದ ಮನೆಗಳ ಚಿತ್ರ ನೋಡಿದೀಯಲ್ಲ? ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿದ ಆಟಗಳು. ಕುದುರೆ ಅದರ ನಡೆ ಬಿಡದೆ 64 ಮನೇನೂ ಒಂದೊಂದೇ ಸಲ ಮುಟ್ಟಿ ಬರಬೇಕು, ಅಂಥ ಲೆಕ್ಕ ಎಷ್ಟೋ ಮಾಡಿಟ್ಟಿದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮಗೂನ ಪಟ್ಟಕ್ಕೆ ಕೂರಿಸಿದರು. 1831ರಲ್ಲಿ ಆಡಳಿತ ಕಿತ್ತುಕೊಂಡರು. ಇನ್ನು ಮೂವತ್ತೇಳು ವರ್ಷ ಬದುಕಿದ್ದರು, ದಂಡು ನಡೆಸೋ ಅಧಿಕಾರ ಇಲ್ಲದ ದೊರೆ. ಕುದುರೇನ ಮನೆಯಿಂದ ಮನೆಗೆ ಹಾರಿಸ್ತಾ ಕೂತಿದ್ದರು ಅಂದ್ರೆ ನನಗೆ ನಗು ಬರಲ್ಲ.

— ಪಟ್ಟದ ಗೊಂಬೆ ಥರಾನೇ ಕೂರಿಸಿದರು ಅನ್ನಿ.

— ಅನ್ನಬೇಡ. ಅವರ ಕಾಲದಲ್ಲಿ ಕನ್ನಡಕ್ಕೆ ಆದ ಕೆಲಸ ಸಣ್ಣದಲ್ಲ. ಆ ಪಟ್ಟದ ಗೊಂಬೆಗಳನ್ನ ಕೊಡು ಇತ್ತ, ರೇಷ್ಮೆ ಬಟ್ಟೇಲಿ ಸುತ್ತಬೇಕು. ನಿನ್ನೆ ರಾತ್ರಿ ಮಲಗಿಸಿದ್ದು ನಾನೇ. ಸರಿ, ನಿಮ್ಮಾಟದಲ್ಲಿ ಯಾರು ಗೆದ್ದರು ಅಂತ ಹೇಗೆ ತೀರ್ಮಾನ? ದಾಳಾನಾ?

— ಮೊದಲು ದಾಳ ಇತ್ತು. ಈಗ ಕವಡೆ.

— ಕವಡೆ!

— ನಾಲ್ಕು ಕವಡೆ, ಚೌಕಾಬಾರದ ಹಾಗೇನೇ. ದಾಳದಲ್ಲಿ ಒಂದು ಬೀಳೋದೂ ಆರು ಬೀಳೋದೂ ಸಮ. ನಾಲ್ಕು ಕವಡೆ ಹಾಗಲ್ಲ. ಒಟ್ಟು ಹದಿನಾರು ಥರ ಬೀಳಬಹುದು. ಅದರಲ್ಲಿ ಎರಡು ಬೀಳೋದು ಆರು ಥರ, ಒಂದು ನಾಲ್ಕು ಥರ, ಮೂರೂ ನಾಲ್ಕು ಥರ. ಚೌಕ ಒಂದೇ ಒಂದು, ಬಾರವೂ ಒಂದೇ ಒಂದು. ಅಂದ್ರೆ ಸಾಮಾನ್ಯವಾಗಿ ಆಗೋದು ಸಾಮಾನ್ಯವಾಗೇ ಆಗುತ್ತೆ. ಗುಂಡು ಹಾರಿಸಿದರೆ ಒಬ್ಬರೋ ಇಬ್ಬರೋ ಬೀಳ್ತಾರೆ. ಬಾರ ಬಿದ್ದ ದಿನ ಗೋಡೆ ಬಿರುಕು ಬಿಡುತ್ತೆ. ಗಣಿತದ ಮೇಷ್ಟ್ರು ಇದನ್ನ ನೋಡೋಕೇ ಬಂದು ಕೂತಿದ್ದರು.

— ಎರಡೂ ಮಗ್ಗುಲು ಸಮ ಅಂತ ಯಾರು ಹೇಳಿದ್ದು ನಿನಗೆ? ಕವಡೆ ಏನು ನಾಣ್ಯವೇ? ಒಂದೊಂದರ ಬೆನ್ನು ಒಂದೊಂದು ಥರ. ಹುಣಸೆ ಬೀಜ ಇನ್ನೂ ಮೋಸ. ನನಗೆ ಗೊತ್ತು. ಇಲ್ಲೇ, ಎರಡು ಬೀದಿ ಆಚೆ, ಹಾಸ್ಟೆಲಲ್ಲಿ ಇದ್ದೆ ನಾನು. ಶಿರಾದ ಕಡೆಯಿಂದ ಬಂದು ಸೇರಿದಾಗ ಹದಿಮೂರು ವರ್ಷ. ನಾವೂ ಯುದ್ಧ ಆಡ್ತಿದ್ದೆವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹುಲಿ–ಕುರಿ ಮನೆ. ಮೂರು ಹುಲಿ, ಹದಿನೈದು ಕುರಿ. ಒಂದು ಕಡೆ ಬಲ, ಇನ್ನೊಂದು ಕಡೆ ಸಂಖ್ಯೆ. ಅದನ್ನ ಬಿಟ್ಟರೆ ಚೌಕಾಬಾರ. ಒಂದಿನ ವಾರ್ಡನ್ ಬಂದರು, ಜೂಜು ಅಂತ ಕವಡೆ ಎಲ್ಲ ಬಾಚಿಕೊಂಡು ಹೋದರು. ಕಾಸು ಕಟ್ಟಿರಲಿಲ್ಲ ಕಣೇ ಯಾರೂ. ಕಟ್ಟೋಕೆ ಇತ್ತೇ ನಮ್ಮ ಹತ್ರ?

— ಆಮೇಲೆ?

— ಆಮೇಲೇನು. ಅಡುಗೆ ಭಟ್ಟರು ಹುಳಿಗೆ ಹುಣಸೆಹಣ್ಣು ಹಿಂಡಿ ಎಸೆದ ಬೀಜ ಹಿತ್ತಲಲ್ಲಿ ಬೇಕಾದಷ್ಟು. ಒಂದು ಮಗ್ಗುಲು ಒಗೆಯೋ ಕಲ್ಲಿಗೆ ತೇಯ್ದರೆ ಬೆಳ್ಳಗಾಗುತ್ತೆ. ಕಂದು ಬಿದ್ದರೆ ಸೊನ್ನೆ, ಬಿಳಿ ಬಿದ್ದರೆ ಒಂದು. ಒಬ್ಬ ಹುಡುಗ ಅವನ ಬೀಜಗಳನ್ನ ಓರೆಯಾಗಿ ತೇಯ್ದಿದ್ದ, ಬೇಕು ಅಂದಾಗ ಚೌಕ ಬೀಳೋದು. ಮೂರು ತಿಂಗಳು ಗೊತ್ತಾಗಲಿಲ್ಲ ನಮಗೆ. ಆಮೇಲೆ ರೈಲ್ವೆಯಲ್ಲಿ ದೊಡ್ಡ ಕೆಲಸಕ್ಕೆ ಹೋದ. ಆ ಕವಡೆ ಮಾತ್ರ ವಾಪಸ್ ಬರಲೇ ಇಲ್ಲ. ನೀನೂ ಈಗ ವಾರ್ಡನ್ನೇ ಅಲ್ವೇ?

— ನಾನು ಅಂಪೈರ್ ಮಾಮ. ಕವಡೆ ನಾನೇ ತಂದುಕೊಟ್ಟಿದ್ದು.

— ಹಂ. ಯಾವ ಯುದ್ಧ ಆಡಿಸ್ತೀಯಾ? ವಾಟರ್ಲೂನಾ?

— ಹುಡುಗರು ಮೊದಲು ಕೇಳಿದ್ದು ಬಾಹ್ಯಾಕಾಶದ್ದು. ಇಂಗ್ಲೆಂಡಿನ ವಾರ್‌ಹ್ಯಾಮರ್ ಅಂತ ಒಂದಿದೆ, ಆ ಗೊಂಬೆಗಳ ಬೆಲೆ ಕೇಳಿದರೆ ತಲೆ ತಿರುಗುತ್ತೆ. ನಮ್ಮ ಸಿಪಾಯಿಗಳನ್ನ ಶಾಲೆಯ ತ್ರೀಡಿ ಪ್ರಿಂಟರಲ್ಲೇ ತೆಗೀತೀವಿ, 28 ಮಿಲಿಮೀಟರ್. ಬಣ್ಣ ಮಕ್ಕಳೇ ಹಚ್ಚೋದು. ನಾವು ಆಡೋದು 1791ರ ಮಾರ್ಚ್. ಬೆಂಗಳೂರು.

— ಕಾರ್ನ್‌ವಾಲಿಸ್.

— ಅವನೇ. 7ನೇ ತಾರೀಖು ಹಲಸೂರು ಬಾಗಿಲು ಒಡೆದು ಪೇಟೆ ಹಿಡಿದ. ಅವನ ಫಿರಂಗಿದಳದ ಮೂರ್‌ಹೌಸ್ ಅಲ್ಲೇ ಸತ್ತ. ಟಿಪ್ಪುವಿನ ಕಡೆಯವರು ಪೇಟೆ ವಾಪಸ್ ತಗೊಳ್ಳೋಕೆ ಅವತ್ತೇ ನುಗ್ಗಿದರು, ಆಗಲಿಲ್ಲ. ಆಮೇಲೆ ಎರಡು ವಾರ ಕೋಟೆಗೆ ಫಿರಂಗಿ ಹೊಡೆತ. 21ರ ರಾತ್ರಿ ಗೋಡೆಯ ಬಿರುಕು ಹತ್ತಿ ಒಳಗೆ ಬಂದರು. ಕಿಲ್ಲೇದಾರ ಬಹಾದುರ್ ಖಾನ್ ಬಿರುಕಿನ ಹತ್ರಾನೇ ಹೋರಾಡ್ತಾ ಬಿದ್ದ. ಟಿಪ್ಪುವಿನ ದೊಡ್ಡ ಸೈನ್ಯ ಊರ ಹೊರಗೇ ಇತ್ತು, ಸಮಯಕ್ಕೆ ಒದಗಲಿಲ್ಲ. ಪಠ್ಯಪುಸ್ತಕದಲ್ಲಿ ಇಷ್ಟೂ ಸೇರಿ ಎರಡು ಸಾಲು.

— ಇಲ್ಲಿಂದ ನಡಕೊಂಡು ಹೋಗೋ ದಾರಿ. ದೆಹಲಿ ಬಾಗಿಲು ಉಳಿದಿದೆ, ಅದರ ಮಗ್ಗುಲಿಗೆ ಒಂದಿಷ್ಟು ಗೋಡೆ. ಇಲ್ಲಿಂದಲೇ ನುಗ್ಗಿದ್ದು ಅಂತ ಇಂಗ್ಲಿಷಲ್ಲಿ ಒಂದು ಕಲ್ಲೂ ಇದೆ. ಮಿಕ್ಕಿದ್ದೆಲ್ಲ ಆಸ್ಪತ್ರೆ, ಕಾಲೇಜು, ಬಸ್ಸು, ಮಾರ್ಕೆಟ್ಟು. ನಮ್ಮ ಚಾಮರಾಜಪೇಟೆ ಹುಟ್ಟಿದ್ದೇ 1892ರಲ್ಲಿ, ಕಾರ್ನ್‌ವಾಲಿಸ್ ಬಂದು ಹೋದ ನೂರು ವರ್ಷಕ್ಕೆ, ಕೋಟೆಯ ಪಡುವಣ ಬಯಲಲ್ಲಿ. ಬಸವನಗುಡಿ, ಮಲ್ಲೇಶ್ವರ ಇನ್ನೂ ಆಮೇಲೆ, ಪ್ಲೇಗಿನ ಪುಣ್ಯ. ನಕ್ಷೆ ಬರೆದ್ರಾ? ಕೋಟೆ ಮೊಟ್ಟೆಯಾಕಾರ. ಉತ್ತರಕ್ಕೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು. ಚೌಕ ಮಾಡಿದ್ದರೆ ಈಗಲೇ ಹೇಳು.

— ಚೌಕಾನೇ ಮಾಡಿದೀವಿ ಮಾಮ. ಥರ್ಮಾಕೋಲು ಚೌಕವಾಗೇ ಸಿಗೋದು.

— ಥೂ. ಅಳತೆ?

— ಅಲ್ಲೇ ಸಿಕ್ಕಿಹಾಕಿಕೊಂಡಿರೋದು. 28 ಮಿಲಿಮೀಟರ್ ಸಿಪಾಯಿ ಅಂದ್ರೆ ಅರವತ್ತಕ್ಕೆ ಒಂದು. ಅದೇ ಲೆಕ್ಕದಲ್ಲಿ ನೆಲ ಹಿಡಿದರೆ...

— ಅರ್ಧ ಕಿಲೋಮೀಟರ್ ನೆಲ ಅಂತಿಟ್ಕೋ. ಎಂಟು ಮೀಟರಿಗೂ ಮೇಲೆ. ಟೇಬಲ್ ಟೆನಿಸ್ ಮೇಜು 9 ಅಡಿ, ಉದ್ದಕ್ಕೆ ಮೂರು ಜೋಡಿಸಿದರೂ ಸಾಲಲ್ಲ. ಆಗಲ್ಲ. ನೆಲಕ್ಕೆ ಒಂದು ಅಳತೆ, ಜನಕ್ಕೆ ಒಂದು ಅಳತೆ ಇಟ್ಕೊಳ್ಳಿ. ಸರ್ವೆ ನಕ್ಷೇಲೂ ರಸ್ತೆ ಅಗಲಾನ ಅಳತೆಗೆ ತಕ್ಕ ಹಾಗೆ ಬರೆದರೆ ಕಣ್ಣಿಗೇ ಕಾಣಲ್ಲ, ದಪ್ಪ ಮಾಡಿಯೇ ಬರೀಬೇಕು. ಅದು ಸುಳ್ಳಲ್ಲ, ರೂಢಿ. ಇಗೋ, ಈ ಮೆಟ್ಟಿಲನ್ನೇ ನೋಡು, ಶೆಟ್ಟರು ಆನೆಗಿಂತ ದಪ್ಪ ಇದಾರೆ. ಅರವತ್ತು ವರ್ಷದಲ್ಲಿ ಯಾರಾದ್ರೂ ಆಕ್ಷೇಪಣೆ ಎತ್ತಿದಾರಾ?

— ಒಂದು ಗೊಂಬೆ ಅಂದ್ರೆ ಇಪ್ಪತ್ತು ಜನ ಅಂತ ಮಾಡಿಕೊಂಡಿದೀವಿ. ಇದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ಕಾರ್ನ್‌ವಾಲಿಸ್ ಆಗೋದು ಯಾರು? ಎಲ್ಲರಿಗೂ ಕೋಟೆ ಒಳಗೇ ಇರಬೇಕು. ಒಬ್ಬ ಅಂತೂ ಅತ್ತೇಬಿಟ್ಟ, ನನ್ನನ್ನ ಬ್ರಿಟಿಷರ ಕಡೆ ಹಾಕಿದರು ಅಂತ. ಕೊನೆಗೆ ಕವಡೆ ಹಾಕಿ ಆರಿಸಿದೆವು. ಎಂಟನೇ ಕ್ಲಾಸಿನ ಒಬ್ಬ ಹುಡುಗಿಗೆ ಬಂತು, ಮಾತೇ ಆಡದ ಹುಡುಗಿ. ಮೂರನೇ ಶನಿವಾರ ಪೇಟೆ ಹಿಡಿದಳು. ಕೋಟೆ ಮಾತ್ರ ಅವಳ ಕೈಗೆ ಸಿಗಲಿಲ್ಲ.

— ಸಿಗಲಿಲ್ವೇ? ಸಿಕ್ಕಿತಲ್ಲ ಅವನಿಗೆ?

— ಅವನಿಗೆ ಸಿಕ್ಕಿತು. ಇವಳಿಗೆ ಸಿಗಲಿಲ್ಲ. ಅದಕ್ಕೇ ಮಾಮ ನಡೆಸೋದು. ಕೂರಿಸಿದ ಗೊಂಬೇಲಿ ಕುರುಕ್ಷೇತ್ರ ಇಟ್ಟರೆ ಅಭಿಮನ್ಯು ಪ್ರತಿ ವರ್ಷ ಚಕ್ರವ್ಯೂಹದ ಒಳಗೇ ಇರ್ತಾನೆ. ಮೇಜಿನ ಮೇಲೆ ಅವನು ಹೊರಗೆ ಬಂದರೂ ಬರಬಹುದು. 21ನೇ ತಾರೀಖು ರಾತ್ರಿ ಏನಾಗುತ್ತೆ ಅಂತ 20ನೇ ತಾರೀಖು ಯಾರಿಗೂ ಗೊತ್ತಿರಲಿಲ್ಲ ಅನ್ನೋದು ಆಗ ಹೊಳೆಯುತ್ತೆ ಮಕ್ಕಳಿಗೆ. ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಹೊಳೆದಿರಲಿಲ್ಲ.

— ಹುಡುಗಿ ಸೋತಿದ್ದು ಯಾಕೆ? ಬಾರ ಬೀಳಲಿಲ್ವಾ?

— ಎತ್ತು ಸಾಲಲಿಲ್ಲ.

— ಎತ್ತೇ?

— ದೊಡ್ಡ ಫಿರಂಗಿ ಒಂದೊಂದನ್ನ ಎಳೆಯೋಕೂ ಜೋಡಿ ಜೋಡಿ ಎತ್ತು ಸಾಲಾಗಿ ಕಟ್ಟಬೇಕು. ಗುಂಡು, ಮದ್ದು, ಅಕ್ಕಿ, ಎಲ್ಲಾ ಎತ್ತಿನ ಬೆನ್ನ ಮೇಲೆ. ಆ ಎತ್ತಿಗೇ ಮೇವು ಬೇಕಲ್ಲ? ಕಾರ್ನ್‌ವಾಲಿಸ್ ಬೆಂಗಳೂರು ಗೆದ್ದು ಶ್ರೀರಂಗಪಟ್ಟಣಕ್ಕೆ ಹೋದ, ಮೇ 15ಕ್ಕೆ ಅರಕೆರೆ ಹತ್ರ ಕಾಳಗಾನೂ ಗೆದ್ದ. ಗೆದ್ದು ಏನು ಮಾಡೋದು? ಎತ್ತು ಸತ್ತಿದ್ದವು. ಮುತ್ತಿಗೆಗೆ ಅಂತ ಎಳೆದು ತಂದ ಫಿರಂಗಿಗಳನ್ನ ತಾನೇ ಒಡೆದು ಹಾಕಿ ವಾಪಸ್ ಬಂದ. ಮರಾಠರು ಎದುರಾಗಿ ದವಸ ಕೊಟ್ಟ ಮೇಲೆ ಊಟ. ಲಂಬಾಣಿಗಳು ದನದ ಮೇಲೆ ದವಸ ಹೇರಿಕೊಂಡು ಬರದೆ ಹೋಗಿದ್ದರೆ ಆ ಕಾಲದ ಯಾವ ಸೈನ್ಯಾನೂ ನಡೀತಿರಲಿಲ್ಲ. ಅದಕ್ಕೆ ನಮ್ಮ ನಿಯಮದಲ್ಲಿ ಎತ್ತಿನ ಗೊಂಬೆ ಪಕ್ಕದಲ್ಲಿ ಇಲ್ಲದಿದ್ದರೆ ಫಿರಂಗಿ ಕದಲಲ್ಲ. ಹುಡುಗರಿಗೆ ಕೆಂಪಂಗಿ ಸಿಪಾಯಿಗೆ ಬಣ್ಣ ಹಚ್ಚೋಕೆ ನೂಕುನುಗ್ಗಲು. ಎತ್ತಿಗೆ ಹಚ್ಚಿ ಅಂದ್ರೆ ಒಬ್ಬರೂ ಇಲ್ಲ.

— ಹಾಗಿದ್ರೆ ಎತ್ತು ಎಲ್ಲಿಂದ ಬಂತು?

— ಗದಗದ ಕಡೆಯ ಹುಡುಗ ಒಬ್ಬ ಇದಾನೆ. ಅವನಿಗೆ ಯುದ್ಧ ಅಷ್ಟಕ್ಕಷ್ಟೆ. ಒಂದಿನ ತೋಟದ ಮೂಲೆಯಿಂದ ಮಣ್ಣು ತಂದು ಮೆಟ್ಟಿಲ ಮೇಲೆ ಕೂತ. ಮಣ್ಣಿನ ಉಂಡೇನ ಅಂಗೈಲಿ ಉದ್ದಕ್ಕೆ ಹೊಸೆದ, ಬೆರಳಲ್ಲಿ ನಾಲ್ಕು ಕಡೆ ಎಳೆದ, ಕಾಲಾಯ್ತು. ಹೆಬ್ಬೆರಳಿಂದ ಹಿಂದಕ್ಕೆ ಒತ್ತಿದ, ಹಿಣಿಲು ಎದ್ದಿತು. ಕೋಡಿಗೆ ಎರಡು ಪೊರಕೆ ಕಡ್ಡಿ. ಒಂದಕ್ಕೆ ಒಂದೆರಡು ನಿಮಿಷ, ಅಷ್ಟೇ. ಅವನ ಊರಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಪ್ರತಿ ವರ್ಷ ಮಾಡ್ತಾರಂತೆ, ಮಾಡಿ ಪೂಜೆಗೆ ಇಡ್ತಾರಂತೆ. ನಾನು ವಾರ್ಡನ್ನು, ತೋಟದ ಮಣ್ಣು ಯಾಕೆ ಅಗೆದೆ ಅಂತ ಬೈಯೋಕೆ ಹೋದವಳು ಅಲ್ಲೇ ಕೂತುಬಿಟ್ಟೆ.

— ಕವಡೆ ಬಾಚ್ಕೊಂಡು ಹೋಗಲಿಲ್ಲ ಅನ್ನು.

— ಹೋಗಲಿಲ್ಲ. ಈಗ ಎರಡೂ ಕಡೆಯವರು ಅವನ ಹತ್ರ ಎತ್ತಿಗೆ ಕೈ ಚಾಚಬೇಕು. ಆ ಹುಡುಗಿ ಕೇಳೋಕೆ ಸಂಕೋಚ ಪಟ್ಟಳು, ನಾಲ್ಕೇ ಎತ್ತಲ್ಲಿ ಹೊರಟಳು. ಪೇಟೆ ತನಕ ಬಂತು, ಮುಂದಕ್ಕೆ ಫಿರಂಗಿ ಬರಲಿಲ್ಲ. ಅತ್ತ ಕೋಟೆಯೊಳಗಿನ ಹುಡುಗರು ಅಷ್ಟೂ ರಾಕೆಟ್ ಒಂದೇ ಸಂಜೆ ಹಾರಿಸಿ ಮುಗಿಸಿದ್ದರು. ರಾಕೆಟ್ಟಿಗೆ ಎರಡು ಸಲ ಕವಡೆ ಮಾಮ, ಎಷ್ಟು ದೂರ ಅನ್ನೋದಕ್ಕೆ ಒಂದು, ಯಾವ ಕಡೆ ಅನ್ನೋದಕ್ಕೆ ಒಂದು. ಒಂದು ತಿರುಗಿ ಅವರ ಕುದುರೆ ಮೇಲೇ ಬಿತ್ತು.

— ನಿಜವಾದದ್ದೂ ಹಾಗೇ ಇತ್ತು ತಾನೇ. ಕಬ್ಬಿಣದ ನಳಿಗೆಗೆ ಬಿದಿರಿನ ಗಳ ಕಟ್ಟಿ ಬಿಡೋದು. 2018ರಲ್ಲಿ ಹೊಸನಗರದ ಹತ್ರ ನಗರದ ಹಳೇ ಬಾವಿಯಲ್ಲಿ ಸಾವಿರದ ಮೇಲೆ ಸಿಕ್ಕವಲ್ಲ, ಪೇಪರಲ್ಲಿ ನೋಡಿದ್ದೆ. ತುಕ್ಕು ಹಿಡಿದ ಕೊಳವೆ ಥರ ಇದ್ದವು. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಸತ್ತವರ ಲೆಕ್ಕ ಏನು? ಬಿದ್ದ ಗೊಂಬೆ ಪೆಟ್ಟಿಗೆಗೆ ಹಾಕಿದರೆ ಮುಗೀತಾ?

— ಅದಕ್ಕೊಂದು ನಿಯಮ ಮಾಡಿದೀವಿ. ಆಟ ಮುಗಿದ ಮೇಲೆ ಬಿದ್ದ ಗೊಂಬೆಗಳನ್ನ ಎತ್ತಿಡೋದು ಗೆದ್ದವರು, ಸೋತವರಲ್ಲ. ಒಂದೊಂದೇ ಎತ್ತಿ ಇಪ್ಪತ್ತು, ನಲವತ್ತು, ಅರವತ್ತು ಅಂತ ಜೋರಾಗಿ ಎಣಿಸಬೇಕು. ಮೊದಲ ದಿನ ನಗ್ತಾ ಶುರು ಮಾಡಿದರು. ಮುನ್ನೂರ ಇಪ್ಪತ್ತು ಆಗೋ ಹೊತ್ತಿಗೆ ನಗು ಇರಲಿಲ್ಲ. ಹಾಗಂತ ಅವತ್ತಿಂದ ಎಲ್ಲರೂ ಬುದ್ಧರಾದರು ಅಂತಲ್ಲ. ಮುಂದಿನ ವಾರ ಯಾವಾಗ ಅಂತ ಅಲ್ಲೇ ಕೇಳಿದರು.

— ಬರೀ ಸಿಪಾಯಿಗಳನ್ನ ತಾನೇ ಎಣಿಸೋದು?

— ಮತ್ಯಾರಿದಾರೆ ಮಾಮ ಮೇಜಿನ ಮೇಲೆ?

— ಅದೇ ನಾನು ಕೇಳ್ತಿರೋದು. ಪೇಟೆ ಹಿಡಿದಳು ಅಂದ್ಯಲ್ಲ. ಪೇಟೇಲಿ ಯಾರಿದ್ದರು?

— ಮನೆಗಳು ಇಟ್ಟಿದೀವಿ, ಬೆಂಕಿಪೊಟ್ಟಣದ್ದು. ಅಡಗಿ ನಿಲ್ಲೋಕೆ.

— ಒಳಗೆ ಜನ?

— ಇಲ್ಲ.

— ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ. ಬೇಲಿ, ಕಂದಕ, ಬಾಗಿಲು ಇದ್ದದ್ದೆಲ್ಲ ಅವರ ಸುತ್ತ. ಬಾಗಿಲು ಒಡೆದದ್ದು ಅವರ ಬೀದಿಗೆ. ಎರಡೂ ಕಡೆಯವರು ನುಗ್ಗಾಡಿದ್ದು ಅವರ ಜಗಲಿ ಮೇಲೆ. ನಿನ್ನ ಹುಡುಗಿಗೆ ಎತ್ತಿನ ಮೇವು ಎಲ್ಲಿ ಸಿಗ್ತಿತ್ತು? ಅವರ ಹಿತ್ತಲಲ್ಲಿ. ಅಕ್ಕಿ ಎಲ್ಲಿ? ಅವರ ಕಣಜದಲ್ಲಿ. ನೀನು ಮದ್ದು ಲೆಕ್ಕ ಇಟ್ಟೆ, ಎತ್ತಿನ ಲೆಕ್ಕ ಇಟ್ಟೆ. ಅದು ದೊಡ್ಡದೇ, ಇಲ್ಲ ಅನ್ನಲ್ಲ.

— ಹೊಳೀಲೇ ಇಲ್ಲ ಮಾಮ. ಆದ್ರೆ ಅವರಿಗೆ ಏನು ನಡೆ ಕೊಡೋದು? ಎಷ್ಟು ಇಂಚು?

— ಎಲ್ಲಿಗೆ ಹೋಗ್ತಾರೆ ಅವರು? ಆ ಕೊನೇ ಮೆಟ್ಟಿಲಿಂದ ಶೆಟ್ಟರನ್ನ ತಗೋ. ಹೆಂಡತೀನೂ ತಗೋ, ಬಿಡಿಸಬೇಡ ಜೋಡೀನ. ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ಬಟ್ಟಲುಗಳೂ ಇವೆ ನೋಡು, ತಕ್ಕಡೀನೂ ಇದೆ. ಮಣ್ಣಿನ ಗೊಂಬೆ, ಸೀಸದ ಭಯ ಇಲ್ಲ.

— ಕೊಡ್ತೀರಾ? ಅತ್ತೆ ಇದನ್ನ ಯಾರಿಗೂ ಮುಟ್ಟೋಕೇ ಬಿಡ್ತಿರಲಿಲ್ಲ.

— ಮುಂದಿನ ನವರಾತ್ರಿಗೆ ವಾಪಸ್ ಬರಬೇಕು. ಪಾಡ್ಯಕ್ಕೆ ಒಂದು ದಿನ ಮುಂಚೆ.

— ಬರುತ್ತೆ. ಆದ್ರೆ ಮಾಮ, ಒಂದೂವರೆ ಗೇಣು ಇದಾರೆ. ನಮ್ಮ ಕೋಟೆ ಗೋಡೆಗಿಂತ ಎತ್ತರ. ಸಿಪಾಯಿ ಇವರ ಮೊಣಕಾಲಿಗೂ ಬರಲ್ಲ.

— ಬರದಿದ್ದರೆ ಬೇಡ. ಆಗಲೇ ಹೇಳಲಿಲ್ವೇ, ನೆಲಕ್ಕೊಂದು ಅಳತೆ, ಜನಕ್ಕೊಂದು ಅಳತೆ.

— ಯಾವ ಕಡೆ ಅಂತ ಬರೀಲಿ ಇವರನ್ನ? ಮಕ್ಕಳು ಮೊದಲು ಅದನ್ನೇ ಕೇಳೋದು.

— ಅಂಗಡಿ ಕಡೆ. ಪೇಟೆ ಮಧ್ಯಕ್ಕೆ ಕೂರಿಸು, ಸುತ್ತ ಬಟ್ಟಲು ಜೋಡಿಸು, ಮಿಕ್ಕಿದ್ದು ಅವರಿಗೇ ಬಿಡು. ಶನಿವಾರ ಎಷ್ಟು ಗಂಟೆಗೆ ಅಂದೆ? ಸ್ಟೀಲ್ ಟೇಪು ನಾನೇ ತರ್ತೀನಿ. ಆ ಚೌಕದ ಕೋಟೇನ ನಾನು ಬರೋದ್ರೊಳಗೆ ಕಿತ್ತು ಹಾಕಿರಿ. ಮೊದಲು ಶೆಟ್ಟರಿಗೆ ಎರಡು ಪೇಪರ್ ಜಾಸ್ತಿ ಸುತ್ತು, ಬಸ್ಸಲ್ಲಿ ಹೋಗ್ಬೇಕು ಅವರು.